ರೇವತಿಯ ಕಂದೀಲು

“ಕರಿ ಚುಕ್ಕೆ ಕೀಳ್ಬೇಡಿ ಸಾರ್. ಹೆಸರು ಅಳಿಸ್ಬೇಡಿ. ಇವೆರಡು ಬಿಟ್ಟು ಏನ್ ಬೇಕಾದ್ರೂ ಮಾಡ್ಕೊಳ್ಳಿ.”

ಹೀಗೆಂದ ಪೀರಪ್ಪ ಕ್ಯಾಸೆಟ್ಟನ್ನು ಇನ್ನೂ ಕೈಯಿಂದ ಬಿಟ್ಟಿರಲಿಲ್ಲ. ಎದುರಿಗಿದ್ದ ಸಿದ್ಧಲಿಂಗೇಶನ ಕಣ್ಣು ಮಾತ್ರ ಆಗಲೇ ಅದನ್ನು ಮನೆಗೆ ಒಯ್ದಾಗಿತ್ತು.

ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಪೀರಪ್ಪನ ರಿಪೇರಿ ಅಂಗಡಿ. ಮೇಲೆ ಟಾರ್ಪಾಲು ಎಳೆದಿದ್ದರಿಂದ ಅಲ್ಲಿಗೆ ಬಿಸಿಲು ಇಳಿಯುತ್ತಲೇ ಇರಲಿಲ್ಲ. ಮಾಂಸದಂಗಡಿಗಳ ಹಸಿ ವಾಸನೆ, ಕೊಳೆತ ಸೇವಂತಿಗೆ, ಬೆಸುಗೆಯ ಹೊಗೆ ಎಲ್ಲ ಸೇರಿ ಗಂಟಲಲ್ಲಿ ಕೂರುತ್ತಿದ್ದವು. ಮೂಲೆಯ ಚಾಪೆಯ ಮೇಲೆ ಅವನ ಸೋದರತ್ತೆ ಹುಸೇನಮ್ಮ ಕುಳಿತಿದ್ದಳು. ರಾಯಚೂರು ಕಡೆಯಿಂದ ದುಡಿಯಲು ಬಂದು ಹಲಸೂರಿನ ಬಾಡಿಗೆ ಕೋಣೆಗಳಲ್ಲೇ ಮುದುಕಿಯಾದವಳು. ಎರಡೂ ಕಣ್ಣಿಗೆ ಬಿಳಿ ಪೊರೆ ಬಂದು ದೃಷ್ಟಿ ಹೋಗಿ ವರ್ಷಗಳಾಗಿದ್ದವು.

ಸಿದ್ಧಲಿಂಗೇಶ ದಾವಣಗೆರೆಯವನು. ಕೆಲಸ ಮಹದೇವಪುರದಲ್ಲಿ, ಮನೆ ಇಂದಿರಾನಗರದಲ್ಲಿ, ಪ್ರಾಣ ಮಾತ್ರ ಹಳೆಯ ಟಿವಿ ಆಟಗಳಲ್ಲಿ. ಅದರಲ್ಲೂ ಮಾರುಕಟ್ಟೆಗೆ ಬಾರದೆ ಉಳಿದುಹೋದ ಆಟಗಳೆಂದರೆ ಅವನಿಗೆ ಊಟ ನಿದ್ದೆ ಬೇಡ. ಬಿಡುಗಡೆಯಾದ ಆಟ ಸಾವಿರ ಮನೆಗಳಲ್ಲಿರುತ್ತದೆ. ಆಗದೆ ಉಳಿದ ಆಟದ ಮಾದರಿ ಕ್ಯಾಸೆಟ್ಟು ಲೋಕಕ್ಕೆಲ್ಲ ಒಂದೇ. ಅದು ಯಾರ ಕೈಯಲ್ಲಿದೆಯೋ ಆ ಲೋಕಕ್ಕೆ ಅವನೇ ಪಾಳೇಗಾರ.

ಈ ಕ್ಯಾಸೆಟ್ಟಿನ ಕತೆಯನ್ನು ಪೀರಪ್ಪ ಹೇಳಿದ್ದ. ಎಂಬತ್ತರ ದಶಕದಲ್ಲಿ ಕೆ.ಆರ್. ಪುರದ ಕಡೆ ಒಂದು ಸಣ್ಣ ಕಂಪನಿ ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆ ಮಾಡಲು ಹೊರಟಿತ್ತು. ಡಿಪ್ಲೊಮಾ ಓದಿದ್ದ ಹುಸೇನಮ್ಮನ ಒಬ್ಬಳೇ ಮಗಳು ರೇವತಿ ಅದಕ್ಕೊಂದು ಆಟ ಬರೆದಳು. ಮೊಹರಮ್ಮಿನ ಓಣಿಯಲ್ಲಿ ಕಂದೀಲು ಹಿಡಿದ ಹುಡುಗಿ ಮನೆಮನೆಗೆ ಬೆಳಕು ಮುಟ್ಟಿಸುವ ಆಟ. ಚುಕ್ಕೆಗೆ ಚುಕ್ಕೆ ಜೋಡಿಸಿ, ಕನ್ನಡದಲ್ಲೇ ತನ್ನ ಹೆಸರು ಬರೆದಿದ್ದಳು. ವ್ಯಾಪಾರಿಗಳಿಗೆ ತೋರಿಸುವ ದಿನ ಮಾಲೀಕ ಅವಳ ಹೆಸರು ಅಳಿಸಿ ತನ್ನದನ್ನು ಹಾಕಿಕೊಂಡ. ಕೇಳಿದ್ದಕ್ಕೆ ಎಲ್ಲರೆದುರು ನಕ್ಕ. ರೇವತಿ ಹಲಸೂರು ಕೆರೆಯ ಪಾಲಾದಳು. ಆಟ ಹೊರಗೆ ಬರಲೇ ಇಲ್ಲ. ಅವಳದೇ ಹೆಸರಿದ್ದ ಮೊದಲ ಕ್ಯಾಸೆಟ್ಟೊಂದು ಮಾತ್ರ ತಾಯಿಯ ಬಳಿ ಉಳಿಯಿತು.

“ಆ ಮಾಲೀಕನ್ ಗತಿ ಏನಾಯ್ತು?”

“ಫುಟ್‌ಪಾತ್ ಮೇಲೆ ಸತ್ತ ಸಾರ್. ಹೆಂಡ್ತಿ ಮಕ್ಳು ಪಕ್ಕದ ರಸ್ತೇಲೇ ಇದ್ರು. ಹೆಣ ನೋಡಿ, ಇವನ್ಯಾರೋ ನಮಗ್ ಗೊತ್ತಿಲ್ಲ ಅಂದ್ಬಿಟ್ರು.”

ಚಾಪೆಯ ಮೇಲಿನಿಂದ ಮುದುಕಿಯ ದನಿ ಬಂತು. “ನನ್ನ ಮಗಳ ಆಟ ನಾಕ್ ಮಂದಿ ನೋಡ್ಲಿ ಅಂತ ಕೊಡಾಕತ್ತೀನಿ ಯಪ್ಪಾ. ಆಕಿ ಹೆಸರ ಮುಟ್ಟಬ್ಯಾಡ.”

“ಮುಟ್ಟಿದ್ರೆ ಏನಾಗುತ್ತೆ ಅಜ್ಜಿ? ಚಿಪ್ ಒಳಗಿಂದ ದೆವ್ವ ಬರುತ್ತಾ?”

“ದೆವ್ವ ಬರಂಗಿಲ್ಲ. ಬೆಳಕ ಬರ್ತೈತಿ.”

“ಬೆಳಕು ಬಂದ್ರೆ ಒಳ್ಳೇದೇ ಅಲ್ವಾ!” ಎಂದು ಸಿದ್ಧಲಿಂಗೇಶ ಹೊಟ್ಟೆ ಹಿಡಿದು ನಕ್ಕ. ಪೀರಪ್ಪ ನಗಲಿಲ್ಲ.

ಕ್ಯಾಸೆಟ್ಟಿನೊಳಗಿನ ಇಂಥ ಹಳೆಯ ಚಿಪ್ಪಿನ ಬೆನ್ನ ಮೇಲೆ ಒಂದು ಪುಟ್ಟ ಗಾಜಿನ ಕಿಟಕಿ ಇರುತ್ತದೆ. ಅದರೊಳಗೆ ಬಿಸಿಲು ಬೀಳುತ್ತಿದ್ದರೆ ಬರೆದದ್ದೆಲ್ಲ ಮೆಲ್ಲಗೆ ಅಳಿಸಿಹೋಗುತ್ತದೆ. ಅದಕ್ಕೇ ಕಿಟಕಿಗೆ ಚೀಟಿ ಅಂಟಿಸುವುದು ಆ ಕೆಲಸದವರ ರೂಢಿ. ಇಲ್ಲಿ ಚೀಟಿಯ ಬದಲು ಅರಗಿನಂಥ ಕರಿಯ ಮುದ್ದೆಯೊಂದು ಮೆತ್ತಿತ್ತು; ಪೀರಪ್ಪ ಹೇಳಿದ ಕರಿ ಚುಕ್ಕೆ ಅದೇ. ಮನೆಗೆ ಬಂದು ಕ್ಯಾಸೆಟ್ಟು ಬಿಚ್ಚಿ ಮೂಸಿ ನೋಡಿದರೆ ಸುಟ್ಟ ಕೂದಲಿನ ವಾಸನೆ.

ಹೆಂಡತಿ ಪ್ರತಿಭಾ ಮಗಳು ಇಂಚರಳನ್ನು ಕರೆದುಕೊಂಡು ರಜೆಗೆಂದು ತವರಿಗೆ ಹೋಗಿದ್ದಳು. ಮನೆ ಖಾಲಿ. ಸಿದ್ಧಲಿಂಗೇಶ ಕ್ಯಾಸೆಟ್ಟು ಹಾಕಿ ಟಿವಿ ಹಚ್ಚಿದ. ಕತ್ತಲ ಓಣಿ ಮೂಡಿತು. ಕಂದೀಲಿನ ಹುಡುಗಿ ಮೂಡಿದಳು. ಕೆಳಗೆ ‘ರೇವತಿ’ ಎಂಬ ಹೆಸರು. ಎಷ್ಟು ಚೆಂದದ ಆಟವೆಂದರೆ ಅವನಿಗೆ ಹೊಟ್ಟೆಕಿಚ್ಚಾಯಿತು. ಇದನ್ನು ತಾನು ಬರೀ ಗುಜರಿಯಲ್ಲಿ ಹುಡುಕಿದೆ ಎಂದರೆ ಯಾರು ತಲೆಗೆ ಹಾಕಿಕೊಳ್ಳುತ್ತಾರೆ? ನಮ್ಮಪ್ಪನೇ ಮಾಡಿದ್ದು, ಅಟ್ಟದ ಮೇಲೆ ಸಿಕ್ಕಿತು ಎಂದರೆ? ಅವನ ಅಪ್ಪ ಪಂಚಾಕ್ಷರಯ್ಯ ತಾಲ್ಲೂಕು ಕಚೇರಿಯ ಗುಮಾಸ್ತ. ಬದುಕಿರುವವರೆಗೆ ಟಿವಿಯ ಕಿವಿ ಹಿಂಡಿದ್ದು ಬಿಟ್ಟರೆ ಬೇರೇನೂ ಮಾಡಿದವರಲ್ಲ. ಆದರೆ ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲವಲ್ಲ! ಕೆಸರಾದದ್ದು ಯಾವಳದೋ ಕೈ, ಮೊಸರು ಮಾತ್ರ ತನ್ನ ಬಾಯಿಗೆ ಬೀಳಲಿ ಎಂದು ಕುಳಿತ ಮನುಷ್ಯನಿಗೆ ಯಾರ ಬುದ್ಧಿಮಾತು ತಾನೆ ನಾಟೀತು?

ಆಟವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಹೆಸರು ಬದಲಿಸಿದ. ಆದರೆ ನಾಳಿನ ಪ್ರದರ್ಶನಕ್ಕೆ ಬರುವ, ಅಸಲಿ ನಕಲಿ ಬಲ್ಲ ಪಾರಖಿಗಳು ಕ್ಯಾಸೆಟ್ಟು ಬಿಚ್ಚಿ ನೋಡುತ್ತಾರೆ. ಅದೇ ಹಳೆಯ ಚಿಪ್ಪಿನಲ್ಲೇ ಹೊಸ ಹೆಸರಿರಬೇಕು. ಅಂದರೆ ಮೊದಲು ಚಿಪ್ಪನ್ನು ಪೂರ್ತಿ ಅಳಿಸಬೇಕು. ಅಳಿಸಲು ಕಿಟಕಿ ತೆರೆಯಬೇಕು.

ಬ್ಲೇಡು ತಾಗಿಸಿದಾಗ ಕರಿಯ ಮುದ್ದೆ ಸುಲಭವಾಗಿ ಏಳಲಿಲ್ಲ. ಒಣಗಿದ ಗಾಯದ ಹಕ್ಕಳೆ ಕಿತ್ತಂತೆ ಕಿತ್ತುಬಂತು. ಅದರೊಳಗಿನಿಂದ ಉದ್ದನೆಯ ಕೂದಲೊಂದು ಹೊರಬಂತು. ಎಳೆದಷ್ಟೂ ಬಂತು. ಅಷ್ಟು ಸಣ್ಣ ಚುಕ್ಕೆಯಲ್ಲಿ ಮಾರುದ್ದದ ಕೂದಲು ಹೇಗೆ ಅಡಗಿತ್ತೆಂದು ಅವನು ಕೇಳಿಕೊಳ್ಳಲಿಲ್ಲ. ಉಗುರಿಗೆ ಸುತ್ತಿಕೊಂಡದ್ದನ್ನು ಕೊಡವಿ, ಚಿಪ್ಪನ್ನು ಅಳಿಸುವ ಪೆಟ್ಟಿಗೆಯಲ್ಲಿಟ್ಟು ನೇರಳೆ ದೀಪ ಹಚ್ಚಿದ. ಮನೆಯೆಲ್ಲ ಕೆರೆಯ ಪಾಚಿಯ ನಾತ. ದೀಪ ಆರಿಸಿ ಮುಚ್ಚಳ ತೆಗೆದ. ಪೆಟ್ಟಿಗೆಯ ದೀಪ ಆರಿತ್ತು. ಚಿಪ್ಪಿನ ಕಿಟಕಿ ಮಾತ್ರ ಇನ್ನೂ ಉರಿಯುತ್ತಿತ್ತು, ಒಳಗೆ ಯಾರೋ ಕಂದೀಲು ಹಿಡಿದು ಆಚೆ ನೋಡುತ್ತಿರುವಂತೆ.

ಒಂದು ಹೆಜ್ಜೆ ಹಿಂದೆ ಸರಿದ. “ಥೂ, ಎಂಥ ಪುಕ್ಕಲ ನಾನು,” ಎಂದು ತನ್ನನ್ನೇ ಬೈದುಕೊಂಡು ಅಪ್ಪನ ಹೆಸರನ್ನು ಬರೆದು ಮುಗಿಸಿದ.

ಮರುದಿನ ಭಾನುವಾರ. ಹಂಡ್ರೆಡ್ ಫೀಟ್ ರೋಡಿನ ಹಳೆಯ ಬಂಗಲೆಯೊಂದರ ಅಂಗಳದಲ್ಲಿ ಹಳೆಯ ಆಟಗಳ ಪ್ರದರ್ಶನ. ಸಿದ್ಧಲಿಂಗೇಶ ತನ್ನ ಅಪಾರ್ಟ್‌ಮೆಂಟಿನ ಗೇಟಿನಾಚೆ ಬಿಸಿಲಿಗೆ ಕಾಲಿಟ್ಟು, ದಿನವೂ ಸಲಾಮು ಹೊಡೆಯುವ ವಾಚ್‌ಮನ್ ಬೈಲಪ್ಪನಿಗೆ ಕೈ ಎತ್ತಿದ. ಬೈಲಪ್ಪ ಎದ್ದು ನಿಂತ.

“ಯಾರ್ ಬೇಕಿತ್ತು ಸಾರ್? ಯಾವ್ ಫ್ಲಾಟು?”

ಹೊತ್ತಾರೆಯೇ ಏರಿಸಿದ್ದಾನೆ ಎಂದುಕೊಂಡು ಮುಂದೆ ನಡೆದ. ಕ್ಯಾಬು ಕರೆಯಲು ಮೊಬೈಲನ್ನು ಮುಖಕ್ಕೆ ಹಿಡಿದ. ಅದು ತೆರೆಯಲಿಲ್ಲ. ಮುಖ ಗುರುತಾಗುತ್ತಿಲ್ಲ ಎಂದಿತು.

ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಪ್ರದರ್ಶನ ಏರ್ಪಡಿಸಿದ್ದ ಗೆಳೆಯ ಲಕ್ಷ್ಮಿಕಾಂತ ಒಳಗಿನ ಕೋಣೆಯಲ್ಲಿ ಅವನನ್ನು ತಬ್ಬಿಕೊಂಡ. “ಮಗಾ, ಇವತ್ತು ನಿಂದೇ ದಿನ!” ಎಂದ. ಆಟವನ್ನು ದೊಡ್ಡ ಪರದೆಗೆ ಜೋಡಿಸಿದರು. ಸಿದ್ಧಲಿಂಗೇಶ ಮೈಕು ಹಿಡಿದು ಅಂಗಳದ ನಡುವೆ ನಿಂತ. ನೆತ್ತಿಯ ಮೇಲೆ ಬಿಸಿಲು. ಅಪ್ಪನ ಕತೆ ಶುರು ಮಾಡಿದ. ಗದ್ಗದ ದನಿಯನ್ನೂ ತಂದುಕೊಂಡ. ಜನ ಕಣ್ಣರಳಿಸಿ ಕೇಳುತ್ತಿದ್ದರು. ನೋಡನೋಡುತ್ತ ಆ ಕಣ್ಣುಗಳು ಬರಿದಾದವು. ಮುಂದಿನ ಸಾಲಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಲಕ್ಷ್ಮಿಕಾಂತ ಹತ್ತಿರ ಬಂದು ಮೈಕು ಕಿತ್ತುಕೊಂಡ.

“ಸಾರ್, ಯಾರ್ ನೀವು? ಸ್ಟೇಜ್ ಮೇಲೆ ಯಾರ್ ಬಿಟ್ರು ನಿಮ್ಮನ್ನ?”

“ಲೇ ಲಕ್ಷ್ಮಿ, ತಮಾಷೆ ಸಾಕು ಕಣೋ!”

“ಕೈ ಮುಟ್ಬೇಡಿ ರೀ.” ಗೆಳೆಯನ ಮುಖದಲ್ಲಿ ತಮಾಷೆ ಇರಲಿಲ್ಲ. ಗುರುತಿಲ್ಲದವನ ಮೇಲಿನ ಸಿಟ್ಟು ಮಾತ್ರ ಇತ್ತು.

ಅಷ್ಟರಲ್ಲಿ ಯಾರೋ ಪರದೆಯ ಕಡೆ ಬೆರಳು ತೋರಿಸಿದರು. ಪಂಚಾಕ್ಷರಯ್ಯನ ಹೆಸರು ಚುಕ್ಕೆ ಚುಕ್ಕೆಯಾಗಿ ಉದುರುತ್ತಿತ್ತು. ಅದರಡಿಯಿಂದ ಒಂದೊಂದೇ ಚುಕ್ಕೆ ಹೊತ್ತಿಕೊಂಡು ಇನ್ನೊಂದು ಹೆಸರು ಎದ್ದಿತು. ರೇವತಿ. ಜನ ಚಪ್ಪಾಳೆ ತಟ್ಟಿದರು. ಅಷ್ಟು ದೊಡ್ಡ ಚಪ್ಪಾಳೆಯ ನಡುವೆ ಇಬ್ಬರು ಗಾರ್ಡುಗಳು ಸಿದ್ಧಲಿಂಗೇಶನನ್ನು ಕುತ್ತಿಗೆಪಟ್ಟಿ ಹಿಡಿದು ರಸ್ತೆಗೆ ದಬ್ಬಿದರು.

ಪೀರಪ್ಪನ ಅಂಗಡಿಗೆಂದು ಶಿವಾಜಿನಗರಕ್ಕೆ ಆಟೋ ಹತ್ತಿದ. ಅರ್ಧ ದಾರಿಯಲ್ಲಿ ಅವನ ಮುಖಕ್ಕೆ ಬಿಸಿಲು ಬಿತ್ತು. ಕನ್ನಡಿಯಲ್ಲಿ ಹಿಂದೆ ನೋಡಿದ ಡ್ರೈವರು ಬ್ರೇಕು ತುಳಿದ. “ಯಾರ್ ಗುರು ನೀನು? ಯಾವಾಗ್ ಹತ್ತಿದೆ? ಇಳಿ, ಇಳಿ!” ಬಿಸಿಲಿಗೆ ಬಂದಾಗಲೆಲ್ಲ ಹೀಗಾಗುತ್ತಿದೆ ಎಂದು ಹೊಳೆದು, ಉಳಿದ ದಾರಿಯನ್ನು ಗೋಡೆಗಳ ನೆರಳು ಹಿಡಿದು ಓಡಿದ.

ಟಾರ್ಪಾಲಿನ ಕತ್ತಲಲ್ಲಿ ಪೀರಪ್ಪ ಅವನನ್ನು ಕಂಡ ಕೂಡಲೇ ಗುರುತು ಹಿಡಿದ. ಗುರುತು ಹಿಡಿದು ಹಣೆ ಚಚ್ಚಿಕೊಂಡ. “ಕಿತ್ಬಿಟ್ರಾ ಸಾರ್? ಅಯ್ಯೋ, ಹೇಳಿದ್ನಲ್ಲ ಸಾರ್...”

ಸಿದ್ಧಲಿಂಗೇಶ ಹುಸೇನಮ್ಮನ ಕಾಲಿಗೆ ಬಿದ್ದ. “ಅಜ್ಜೀ, ತಪ್ಪಾಯ್ತು. ಹೆಸರು ವಾಪಸ್ ಹಾಕ್ತೀನಿ.”

“ಆಕಿ ಹೆಸರ ಆಕೀನ ಬರಕೊಂಡಾಳ. ನಿನ್ನ ಹಂಗು ಬೇಕಿಲ್ಲ.” ಮುದುಕಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದ ಹಸಿವು ಇತ್ತು. “ಕೆರಿಯಿಂದ ತೆಗದಾಗ ಆಕಿ ಕೂದಲ ನನ್ನ ಕೈಗೆ ಬಂತು. ಅದನ್ನ ಮೊಹರಮ್ಮಿನ್ಯಾಗ ಬೆಂಕಿ ಹಾಕೋ ಅಲಾಯಿ ಕುಣಿಯ ಬೂದಿಯೊಳಗ ಕಲಸಿ ಹಚ್ಚೀನಿ. ನನ್ನ ಮಗಳ ಹೆಸರ ಅಳಸಿದವನ ಮುಖ ಬಿಸಲಾಗ ಯಾರ ನೋಡ್ತಾರೋ ಅವರ ಅವನ್ನ ಮರೀಲಿ ಅಂತ ಬೇಡೀನಿ.”

“ಬಿಟ್ಬಿಡಿ ಅಜ್ಜಿ. ಕೈ ಮುಗೀತೀನಿ.”

“ನನ್ನ ಮಗಳ್ನ ಕೊಡು, ಬಿಡ್ತೀನಿ.”

ಅವನು ಅವಳ ಪಾದಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

“ನಿನಗ ಮಗಳ ಅದಾಳೇನ?” ಮುದುಕಿ ತಲೆ ಓರೆ ಮಾಡಿ ಅವನ ಉಸಿರು ಕೇಳಿಸಿಕೊಂಡಳು. “ಅದಾಳ. ಮೊದಲ ಊರ ಮರೀತೈತಿ. ಕಡೀಕ ಅಪ್ಪಾ ಅನ್ನೋ ಬಾಯಿ. ನಾ ಒಬ್ಬಾಕಿ ಮರ್ಯಂಗಿಲ್ಲ. ನಿನ್ನ ಮುಖ ನಾ ನೋಡೇ ಇಲ್ಲಲ್ಲ.”

ಪ್ರತಿಭಾ ಮತ್ತು ಇಂಚರ ಆ ಸಂಜೆಯೇ ಹಿಂತಿರುಗುವವರಿದ್ದರು. ಊರು ಮರೆತರೆ ಮರೆಯಲಿ, ಕೆಲಸ ಹೋದರೆ ಹೋಗಲಿ, ಮಗಳೊಬ್ಬಳ ಬಾಯಲ್ಲಿ ಅಪ್ಪ ಉಳಿದರೆ ಸಾಕು ಎಂದು ಸಿದ್ಧಲಿಂಗೇಶ ಹೊತ್ತು ಮುಳುಗಿದ ಮೇಲೆ ಮನೆ ಸೇರಿದ. ಮಲಗುವ ಕೋಣೆಯ ಕಿಟಕಿಗೆ ಪರದೆ ಎಳೆದು, ಅದರ ಮೇಲೆ ರಗ್ಗು ನೇತುಹಾಕಿದ. ಕತ್ತಲೆ ಎಂದರೆ ಹೆದರುತ್ತಿದ್ದ ಹುಡುಗತನದ ದಿನಗಳು ನೆನಪಾಗಿ ಅಳು ಬಂತು. ಈಗ ಅವನಿಗೆ ಕತ್ತಲೆಯೇ ತಾಯಿ.

“ಮದ್ರಾಸ್ ಐ ಬಂದಿದೆ ಕಣೇ. ಬೆಳಕು ನೋಡೋಕಾಗ್ತಿಲ್ಲ. ಮಗೂನ ಹತ್ರ ಬಿಡ್ಬೇಡ,” ಎಂದು ಕತ್ತಲೊಳಗಿನಿಂದಲೇ ಹೆಂಡತಿಗೆ ಹೇಳಿದ.

“ಡಾಕ್ಟ್ರಿಗೆ ತೋರಿಸ್ಬಾರ್ದಿತ್ತೇನ್ರೀ? ಅಯ್ಯೋ ಪಾಪ,” ಎಂದಳು ಪ್ರತಿಭಾ. ಆ ‘ರೀ’ ಅವನ ಎದೆಗೆ ಅಮೃತದಂತೆ ಇಳಿಯಿತು.

ಇಂಚರ ಕೇಳಬೇಕಲ್ಲ! ಅಮ್ಮನ ಕೈ ತಪ್ಪಿಸಿಕೊಂಡು ಕತ್ತಲೆಯಲ್ಲಿ ತಡಕಾಡುತ್ತ ಬಂದು ಅಪ್ಪನ ಕೊರಳಿಗೆ ಜೋತುಬಿದ್ದಳು. “ಅಪ್ಪಾ, ಅಜ್ಜಿ ಮನೇಲಿ ನನ್ ಹಲ್ಲು ಬಿತ್ತು! ನೋಡು!” ಅವಳೇ ಅವನ ಬೆರಳು ಹಿಡಿದು ಬಾಯೊಳಗಿಟ್ಟು ಒಸಡಿನ ಸಂದು ಮುಟ್ಟಿಸಿದಳು.

“ಚೆನ್ನಾಗಿದೆ ಪುಟ್ಟಾ.”

“ಮುಟ್ಟಿದ್ರೆ ಆಗಲ್ಲಪ್ಪ. ನೋಡ್ಬೇಕು.”

“ಆಮೇಲೆ ನೋಡ್ತೀನಿ. ಈಗ ಹೋಗಿ ಊಟ ಮಾಡು ಬಂಗಾರ.”

ಅವಳ ಮೈಯ ಸೋಪಿನ ವಾಸನೆ ಹಾಸಿಗೆಯಲ್ಲಿ ಉಳಿಯಿತು. ಅದನ್ನೇ ಎಳೆದುಕೊಳ್ಳುತ್ತ ಮಲಗಿದ. ಹೀಗೆಯೇ ಬದುಕಿಬಿಡಬಹುದು ಅನಿಸಿತು. ಕುರುಡರು ಬದುಕುವುದಿಲ್ಲವೇ? ಈ ಕೋಣೆ ಇದೆ, ಈ ದನಿ ಇದೆ, ಸಾಕು.

ಎಚ್ಚರವಾದಾಗ ಕುಕ್ಕರು ಕೂಗುತ್ತಿತ್ತು. ಒಗ್ಗರಣೆಯ ಘಮ. ಪಟಪಟ ಪುಟ್ಟ ಪಾದಗಳ ಸದ್ದು. ಬಾಗಿಲು ಕಿರ್ರೆಂದಿತು. ಕುರ್ಚಿ ಎಳೆದ ಸದ್ದು. ಅದರ ಮೇಲೆ ಯಾರೋ ಹತ್ತಿದ ಸದ್ದು.

“ಅಪ್ಪಾ, ಈಗ ನೋಡು!”

“ಬೇಡ! ಇಂಚರಾ, ಬೇಡ!”

ರಗ್ಗು ಜಾರಿತು. ಪರದೆ ಸರಿಯಿತು. ಪೂರ್ವದ ಕಿಟಕಿ. ಎಳೆ ಬಿಸಿಲು ಕೋಣೆಯ ತುಂಬ ನುಗ್ಗಿತು. ಅವನು ಮುಖ ಮುಚ್ಚಿಕೊಂಡ. ತಡವಾಗಿತ್ತು. ಬೆರಳ ಸಂದಿಯಿಂದ ಕಂಡ. ಕುರ್ಚಿಯ ಮೇಲೆ ಮಗಳು. ಅಗಲ ತೆರೆದ ಬಾಯಿ. ಮುಂದಿನ ಹಲ್ಲಿನ ಜಾಗದಲ್ಲಿ ಪುಟ್ಟ ಸಂದು. ನಗು. ಆ ನಗು ಅಲ್ಲೇ ನಿಂತಿತು. ಕಣ್ಣಿನೊಳಗಿಂದ ಏನೋ ಹೊರಟುಹೋಯಿತು.

“ಅಮ್ಮಾ! ಅಮ್ಮಾ! ರೂಮಲ್ಲಿ ಯಾರೋ ಇದಾರೆ!”

“ಪುಟ್ಟಾ, ನಾನು ಕಣೆ. ಅಪ್ಪ.”

ಮಗು ಕಿರುಚಿತು. ಉಸಿರು ಕಟ್ಟುವಂತೆ ಕಿರುಚಿತು. ಪ್ರತಿಭಾ ಓಡಿಬಂದಳು. “ಏನಾಯ್ತ್ರೀ...” ಎನ್ನುತ್ತಲೇ ಒಳಗೆ ಕಾಲಿಟ್ಟಳು. ಬಿಸಿಲಿನಲ್ಲಿ ಅವನನ್ನು ಕಂಡಳು. ಆ ‘ರೀ’ ಬಾಯಲ್ಲೇ ಸತ್ತಿತು. ಮಗುವನ್ನು ಬಾಚಿ ಬೆನ್ನ ಹಿಂದೆ ಎಳೆದುಕೊಂಡಳು. ಕೈಯಲ್ಲಿದ್ದ ಸೌಟು ಎತ್ತಿದಳು.

“ಗಂಡಸ್ರಿಲ್ಲದ ಮನೆ ಅಂತ ನುಗ್ಗಿದ್ಯಾ? ಆಚೆ ನಡಿ! ಬೈಲಪ್ಪಾ! ಬೈಲಪ್ಪಾ, ಬೇಗ ಬಾ!”

“ಪ್ರತಿಭಾ, ನಾನೇ. ನೋಡು ನನ್ನ...”

“ನನ್ ಹೆಸರು ಎತ್ಬೇಡ!”

ಮೆಟ್ಟಿಲ ಮೇಲೆ ಬೂಟಿನ ಸದ್ದು. ಅವನು ಹಿಂದೆ ಸರಿದ. ಬೆನ್ನು ಬೀರುವಿಗೆ ಬಡಿಯಿತು. ತಿರುಗಿದ. ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿ. ಅದರ ತುಂಬ ಬಿಸಿಲು. ಬಿಸಿಲ ನಡುವೆ ಒಬ್ಬ ಗಂಡಸು. ಕೆದರಿದ ಕೂದಲು. ಕೆಂಪು ಕಣ್ಣು. ಮಗುವಿರುವ ಮನೆಯೊಳಗೆ ಹೊತ್ತಾರೆಯೇ ಹೊಕ್ಕ ಕಳ್ಳ.

ಅವನಿಗೂ ಭಯವಾಯಿತು. ಬಾಗಿಲಲ್ಲಿ ನಿಂತ ಹೆಂಗಸಿನ ಕಡೆಗೆ ತಿರುಗಿ, ಕನ್ನಡಿಯತ್ತ ಬೆರಳು ತೋರಿಸಿ ಅವನು ಕೇಳಿದ.

“ಅಮ್ಮಾ, ಯಾರದು?”