ಗಿಳಿಯ ಕಣ್ಣಿನ ಬೋಲ್ಟು

"ಬ್ರೇಕ್ ಒತ್ತಮ್ಮಾ ತೇನ್ಮೊಳಿ! ಜೋರಾಗಿ ಒತ್ತು!"

ಲಾರಿಯ ಹಿಂದಿನಿಂದ ಮೆಕ್ಯಾನಿಕ್ ಮೈದೀನ್ ಭಾಯ್ ಕೂಗಿದರು. ತೇನ್ಮೊಳಿ ಸೀಟಿನ ಅಂಚಿಗೆ ಜಾರಿ, ಸ್ಟೇರಿಂಗ್ ಹಿಡಿದುಕೊಂಡು, ಎರಡೂ ಕಾಲುಗಳಿಂದ ಪೆಡಲನ್ನು ಒತ್ತಿದಳು. ಅದು ಅಪ್ಪನ ಸೀಟು. ಅಪ್ಪ ಕೂತು ಕೂತು ನಡುವೆ ತಗ್ಗು ಬಿದ್ದಿತ್ತು.

"ಒತ್ತಿದೀನಿ ತಾತಾ!"

"ಕೆಂಪು ದೀಪ ಹತ್ತೋ ಬದಲು ಇಂಡಿಕೇಟರು ಮಿಣಮಿಣ ಅಂತಿದೆ. ಈ ಮುದಿ ವಯಸ್ಸಲ್ಲಿ ಯಾರಿಗಮ್ಮಾ ಕಣ್ಣು ಹೊಡೀತಿದೆ ನಿಮ್ಮ ಲಾರಿ?"

ಪಕ್ಕದ ಶೆಡ್ಡಿನವರು ನಕ್ಕರು. ತೇನ್ಮೊಳಿಗೆ ನಗು ಬರಲಿಲ್ಲ.

ಬೇಸಿಗೆಯ ಚಿತ್ತಿರೈ ತಿಂಗಳಲ್ಲಿ ಅಪ್ಪ ಕಾಮಾಲೆಯಿಂದ ತೀರಿಕೊಂಡಿದ್ದರು. ಅಂದಿನಿಂದ ಐದು ತಿಂಗಳು ಲಾರಿ ಹುಣಸೆಮರದ ಕೆಳಗೆ ನಿಂತೇ ಇತ್ತು. ಇವತ್ತು ಸಂಜೆ ಅಪ್ಪನ ತಮ್ಮ ಶೆಲ್ವಂ ಚಿತ್ತಪ್ಪ ಅದರಲ್ಲಿ ನಾಮಕ್ಕಲ್ಲಿನಿಂದ ಕೇರಳಕ್ಕೆ ಮೊಟ್ಟೆ ಲೋಡು ಒಯ್ಯಬೇಕಿತ್ತು.

ಬೆಳಿಗ್ಗೆ ಅಮ್ಮ ಖಂಡಿತವಾಗಿ ಹೇಳಿದ್ದಳು: "ಹಿಂದಿನ ದೀಪ ಸರಿಯಾಗದೆ ಗಾಡಿ ಕದಲಕೂಡದು ಶೆಲ್ವಂ. ಹಿಂದಿಂದ ಬರೋನಿಗೆ ನೀನು ಕಾಣಬೇಕು. ಒಬ್ಬರನ್ನ ಕಳಿಸಿಕೊಟ್ಟಿದ್ದೇ ಸಾಕು ನನಗೆ."

ಮೈದೀನ್ ಭಾಯ್ ಬ್ಯಾಟರಿಯಿಂದ ಒಂದು ಉದ್ದನೆಯ ವೈರು ಎಳೆದು ತಂದು, ದೀಪದ ತಗಡಿಗೆ ಮುಟ್ಟಿಸಿದರು. ಕೆಂಪು ದೀಪ ಧಗ್ಗನೆ ಹತ್ತಿತು. ವೈರು ತೆಗೆದರು. ಮತ್ತೆ ಮಂಕಾಯಿತು.

"ಬಲ್ಬು ಚೆನ್ನಾಗಿದೆ. ಅರ್ತಿಂಗ್ ಸಿಗ್ತಿಲ್ಲ, ಅಷ್ಟೆ. ಕರೆಂಟು ಬರೋಕೆ ದಾರಿ ಇದೆ, ವಾಪಸು ಹೋಗೋಕೆ ಇಲ್ಲ. ವೈರಿನ ತುದಿ ಬರೀ ಕಬ್ಬಿಣಕ್ಕೆ ತಾಗಬೇಕು. ಇಲ್ಲಿ ನೋಡಿದರೆ ಬಣ್ಣದ ಮೇಲೆ ಕೂತಿದೆ. ಯಾವ ಪುಣ್ಯಾತ್ಮ ಬಳಿದನೋ!"

"ಇನ್ಯಾರು, ನಮ್ಮಣ್ಣನೇ" ಎಂದ ಚಿತ್ತಪ್ಪ. "ಆಯುಧಪೂಜೆ ಬಂತು ಅಂದ್ರೆ ಅವನಿಗೆ ಹುಚ್ಚು. ಬಿಟ್ಟಿದ್ರೆ ಟೈರಿಗೂ ಬಣ್ಣ ಹೊಡೀತಿದ್ದ. ದೀಪದ ಬುಡಕ್ಕೆ ಬಳೀಬಾರದು ಅನ್ನೋದು ಬೇಡವಾ? ಇಪ್ಪತ್ತು ವರ್ಷ ಗಾಡಿ ಓಡಿಸಿ ಏನು ಪ್ರಯೋಜನ!"

ತೇನ್ಮೊಳಿ ಕೆಳಗಿಳಿದು ಬಂದಳು.

ಅಲ್ಲಿ ಬಳಿದವಳು ಅವಳೇ. ಹೋದ ಆಯುಧಪೂಜೆಗೆ ಅಪ್ಪ ದೀಪಗಳನ್ನೆಲ್ಲ ಬಿಚ್ಚಿ ಲಾರಿಗೆ ಬಣ್ಣ ಹೊಡೆಯುತ್ತಿದ್ದಾಗ, ಹಿಂದಿನ ಕಬ್ಬಿಣದ ಪಟ್ಟಿಯ ಮೇಲೆ ಅವಳು ಒಂದು ಹಸಿರು ಗಿಳಿ ಬರೆದಿದ್ದಳು. ದೀಪ ಕೂರಿಸುವ ಬೋಲ್ಟಿನ ತೂತು ಗಿಳಿಯ ಕಣ್ಣಿನ ಜಾಗಕ್ಕೆ ಸರಿಯಾಗಿ ಬಂದಿತ್ತು. "ಅಬ್ಬಾ, ನಮ್ಮ ಗಿಳಿ ಹಿಂದಿನ ಲಾರಿಗಳನ್ನೆಲ್ಲ ನೋಡ್ತಾ ಬರುತ್ತೆ" ಎಂದು ಅಪ್ಪ ಹೇಳಿದ್ದರು.

"ಅಪ್ಪ ಅಲ್ಲ ಚಿತ್ತಪ್ಪಾ" ಎಂದಳು. "ನಾನು ಬಳಿದಿದ್ದು."

ಅಷ್ಟರಲ್ಲಿ ಲಾರಿಯ ಕೆಳಗೆ ತೂರಿದ್ದ ಭಾಯ್, "ಇದೇನು ವಿಚಿತ್ರ!" ಎಂದರು. "ಬಗ್ಗಿ ನೋಡಮ್ಮಾ."

ತೇನ್ಮೊಳಿ ಮೊಣಕಾಲೂರಿ ಬಗ್ಗಿದಳು. ಗಿಳಿಯ ಕಣ್ಣಿನ ಬೋಲ್ಟಿನಿಂದ ಒಂದು ಕಪ್ಪು ವೈರು ಹೊರಟು, ಕಬ್ಬಿಣದ ಒಳಬದಿಯಲ್ಲಿ ಸಾಗಿ, ಆಚೆ ಆರಡಿ ದೂರದ ಇನ್ನೊಂದು ಬೋಲ್ಟಿಗೆ ಸೇರಿತ್ತು. ಗೇಣಿಗೊಂದರಂತೆ ಬಟ್ಟೆಯ ಚೂರಿನಿಂದ ಬಿಗಿದು ಕಟ್ಟಿತ್ತು.

"ಮಳೆನೀರು ಹಿಡಿದು ವೈರಿನೊಳಗಿನ ತಾಮ್ರ ಹಸಿರು ಪುಡಿ ಆಗಿಹೋಗಿದೆ. ಆದರೆ ಕೆಲಸ ಬಲ್ಲವನೇ ಮಾಡಿದಾನೆ. ಆ ತುದಿಯಲ್ಲಿ ನೋಡು, ಬಣ್ಣ ಕೆರೆದು, ಕಬ್ಬಿಣ ಹೊಳೆಯೋ ಹಾಗೆ ಉಜ್ಜಿ, ಗ್ರೀಸ್ ಹಚ್ಚಿದಾನೆ. ಈ ತುದಿಯಲ್ಲಿ ಚೂರೂ ಮುಟ್ಟಿಲ್ಲ. ಇಲ್ಲೇ ಕೆರೆದಿದ್ರೆ ಎರಡು ನಿಮಿಷದ ಕೆಲಸ. ಅದು ಬಿಟ್ಟು ಅಷ್ಟು ದೂರ ಯಾಕೆ ಹೋದ ಅಂತ!"

ಬಟ್ಟೆ ನೀಲಿ ಚೌಕಳಿಯದು. ಅಪ್ಪನ ಹಳೆಯ ಲುಂಗಿ.

ಆಗ ಅವಳಿಗೆ ನೆನಪಾಯಿತು. ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಸ್ಕೂಲಿನಿಂದ ಬಂದಾಗ, ಲಾರಿಯ ಕೆಳಗಿನಿಂದ ಅಪ್ಪನ ಕಾಲುಗಳು ಮಾತ್ರ ಕಾಣುತ್ತಿದ್ದವು. "ಏನು ಮಾಡ್ತಿದೀಯಪ್ಪಾ?" ಎಂದು ಕೇಳಿದ್ದಳು. "ನೀನು ಗಿಳಿಗೆ ಬಾಲ ಗಿಡ್ಡ ಬರೆದಿದೀಯ, ಉದ್ದ ಮಾಡ್ತಿದೀನಿ" ಎಂದಿದ್ದರು. ಅವಳು ನಕ್ಕು, ಊಟಕ್ಕೆ ಓಡಿದ್ದಳು. ಅಪ್ಪ ಹೊರಬಂದದ್ದು ದೀಪ ಹಚ್ಚುವ ಹೊತ್ತಿಗೆ. ಬೆನ್ನು ಹಿಡಿದುಕೊಂಡಿತ್ತು. ಅಮ್ಮ ಎಣ್ಣೆ ತಿಕ್ಕಿದ್ದಳು.

ತೇನ್ಮೊಳಿ ಕೆಳಗಿನಿಂದ ಎದ್ದು, ಗೋಡೆಯ ಕಡೆ ತಿರುಗಿ ನಿಂತಳು.

ಸ್ವಲ್ಪ ಹೊತ್ತಾದ ಮೇಲೆ ಭಾಯ್ ಮೆಲ್ಲಗೆ ಹೇಳಿದರು. "ನೋಡು ಕಂದಾ, ಅವರ ಹಾಗೇ ಇನ್ನೊಂದು ಹೊಸ ವೈರು ಎಳೆದುಕೊಡ್ತೀನಿ. ಗಿಳಿಗೆ ಏನೂ ಆಗಲ್ಲ. ಆದರೆ ಸುಳ್ಳು ಹೇಳಲ್ಲ, ಮುಂದಿನ ಮಳೆಗಾಲಕ್ಕೆ ಅದೂ ಕೈ ಕೊಡಬಹುದು. ಎಲ್ಲಿ, ಯಾವಾಗ ಅಂತ ದೇವರೇ ಬಲ್ಲ."

"ಕೆರೆದರೆ?"

"ಕೆರೆದರೆ ನಿಲ್ಲುತ್ತೆ. ಗಿಳಿಯ ಮುಖ ಹೋಗುತ್ತೆ."

"ಹೊಸ ವೈರೇ ಹಾಕಿ ಭಾಯ್" ಎಂದ ಚಿತ್ತಪ್ಪ. "ನಾನು ಹುಷಾರಾಗಿ ಹೋಗ್ತೀನಿ. ಅಣ್ಣ ಉಳಿಸಿದ್ದನ್ನ ನಾವು ಕೆಡಿಸೋದಾ?"

ತೇನ್ಮೊಳಿ ಕಣ್ಣು ಒರೆಸಿಕೊಂಡು ಕೈ ಚಾಚಿದಳು. "ಉಜ್ಜೋ ಉಪ್ಪುಕಾಗದ ಕೊಡಿ ತಾತಾ."

"ನಾನು ಉಜ್ಜುತ್ತೀನಿ, ಬಿಡು."

"ಬೇಡ. ನಾನೇ."

ಬೋಲ್ಟು ಬಿಚ್ಚಿದ್ದಾಯಿತು. "ಬಿಸ್ಮಿಲ್ಲಾ" ಎಂದು ಭಾಯ್ ಉಪ್ಪುಕಾಗದವನ್ನು ಅವಳ ಕೈಗಿತ್ತರು. ಮೊದಲು ಕೆಂಪು ಕೊಕ್ಕು ಹೋಯಿತು. ಆಮೇಲೆ ಕೆನ್ನೆ. ಹಸಿರು ಪುಡಿ ಅವಳ ಬೆರಳುಗಳಿಗೆ, ಯೂನಿಫಾರಂ ತೋಳಿಗೆ ಮೆತ್ತಿತು. ಹಸಿರಿನ ಕೆಳಗೆ ಅಪ್ಪ ಹೊಡೆದಿದ್ದ ನೀಲಿ ಬಂತು. ಅಲ್ಲಿ ಅವಳ ಕೈ ಒಂದು ಕ್ಷಣ ನಿಂತಿತು. ಮತ್ತೆ ಉಜ್ಜಿದಳು. ಕೊನೆಗೆ ಕಬ್ಬಿಣ ಬೆಳ್ಳಗೆ ಹೊಳೆಯಿತು.

ಭಾಯ್ ಬೋಲ್ಟು ಬಿಗಿದು ಗ್ರೀಸ್ ಹಚ್ಚಿದರು. ಚಿತ್ತಪ್ಪ ಹೋಗಿ ಬ್ರೇಕ್ ಒತ್ತಿದ. ಕೆಂಪು ದೀಪ ಅಲುಗಾಡದೆ ಹತ್ತಿತು.

"ಅಣ್ಣನಿಗೆ ಇದು ಗೊತ್ತಿರಲಿಲ್ಲ ಅಂದುಬಿಟ್ಟೆನಲ್ಲ" ಎಂದ ಚಿತ್ತಪ್ಪ, ಕೆಳಗಿಳಿದು.

"ಅಪ್ಪನಿಗೆ ಎಲ್ಲಾ ಗೊತ್ತಿತ್ತು" ಎಂದಳು ತೇನ್ಮೊಳಿ.

ಸಂಜೆ ಮೊಟ್ಟೆಯ ತಟ್ಟೆಗಳನ್ನು ತುಂಬಿಕೊಂಡು ಲಾರಿ ಹೊರಟಿತು. ಮನೆ ಮುಂದೆ ಅಮ್ಮ ಮೊದಲೇ ಕರ್ಪೂರ ಬೆಳಗಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದಳು. ಅಪ್ಪ ಹೊರಡುವಾಗಲೆಲ್ಲ ತೇನ್ಮೊಳಿ ಗಿಳಿ ಕಾಣುವಷ್ಟು ಹೊತ್ತೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾಲ್ಕು ಮನೆ ದಾಟುವುದರೊಳಗೆ ಅದು ಚಿಕ್ಕದಾಗಿ ಮರೆಯಾಗುತ್ತಿತ್ತು.

ಇವತ್ತು ದೀಪಗಳು ಕಂಡವು. ನಾಲ್ಕು ಮನೆ ದಾಟಿದರೂ ಕಂಡವು. ಶಾಲೆಯ ಮುಂದಿನ ರಸ್ತೆಯುಬ್ಬಿನ ಹತ್ತಿರ ಚಿತ್ತಪ್ಪ ಬ್ರೇಕ್ ಹಾಕಿದಾಗ ಎರಡೂ ಕೆಂಪಗೆ ಉರಿದವು. ಹಿಂದೆ ಬರುತ್ತಿದ್ದ ಬಸ್ಸು ದೂರದಲ್ಲೇ ನಿಧಾನವಾಯಿತು.

"ಕಾಣ್ತಾ ಇದೆಯೇನೇ ಇನ್ನೂ?" ಒಳಗಿನಿಂದ ಅಮ್ಮ ಕೇಳಿದಳು.

"ಕಾಣ್ತಿದೆ ಅಮ್ಮಾ" ಎಂದಳು ತೇನ್ಮೊಳಿ. ಉಗುರಿನ ಸಂದಿಯ ಹಸಿರನ್ನು ಅವಳು ಇನ್ನೂ ತೊಳೆದಿರಲಿಲ್ಲ.