ಹನ್ನೊಂದು ನಲವತ್ತರ ಕಮಾಂಡ್

ಶನಿವಾರ ಮಧ್ಯಾಹ್ನ ಶಾಂಭವಿ ಸರ್ವರಿನ ಕಂಟೇನರಿನೊಳಗೆ ಹೊಕ್ಕು ನೋಡಿದಳು. ಫೈಲ್ ಇರಲಿಲ್ಲ.

ಮತ್ತೊಮ್ಮೆ ನೋಡಿದಳು. ಇಲ್ಲ ಅಂದರೆ ಇಲ್ಲ.

ಗಾಂಧಿ ಚೌಕದಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಒಣದ್ರಾಕ್ಷಿ ಬೆಳೆಗಾರರು ಕೋಲ್ಡ್ ಸ್ಟೋರೇಜಿನಲ್ಲಿ ಜಾಗ ಬುಕ್ ಮಾಡುವ ಆಪ್ ಅವರದು. ಆ ಆಪ್ ಓಡುವುದು ಸರ್ವರಿನ ಒಂದು ಕಂಟೇನರಿನಲ್ಲಿ, ಅಂದರೆ ಅದಕ್ಕೆಂದೇ ಬೇರ್ಪಡಿಸಿಟ್ಟ ಗೂಡಿನಂಥ ಜಾಗದಲ್ಲಿ. ಅದನ್ನು ನಿಲ್ಲಿಸದೆ, ಓಡುತ್ತಿರುವಾಗಲೇ ಒಳಗೆ ಹೊಕ್ಕು ಕಮಾಂಡ್ ಹೊಡೆದು, ಎಲ್ಲಿ ಏನು ಕೆಟ್ಟಿದೆ ಎಂದು ಹುಡುಕುವುದು ಅವಳ ಕೆಲಸ. ತಿಕೋಟಾದ ಸ್ಟೋರೇಜಿನಲ್ಲಿ ಕೂತು ಅದೇ ಕೆಲಸ ಮಾಡುವವನು ಸಿದ್ದರಾಮ.

ಎಂಟು ತಿಂಗಳ ಹಿಂದೆ ಇಬ್ಬರೂ ಒಂದೇ ದೋಷದ ಬೆನ್ನು ಹತ್ತಿದ್ದಾಗ ಅವನು ಒಳಗೊಂದು ಫೈಲ್ ಬಿಟ್ಟಿದ್ದ: ‘ಇಲ್ಲಿತನಕ ನಾ ನೋಡೀನಿ. ಮುಂದಿಂದು ನೀವು ಚಾ ಕುಡದು ನೋಡ್ರಿ.’ ಇವಳು ಕೆಳಗೆ ಬರೆದಳು: ‘ಚಾ ಯಾರು ಕುಡಸವ್ರು?’

ಮರುದಿನವೇ ಬಸ್ ಹತ್ತಿ ಬಂದು ಚಾ ಕುಡಿಸಿದ. ಕಣ್ಣು ಲ್ಯಾಪ್‌ಟಾಪಿನ ಮೇಲೆ, ಹಾರಿಸಿದ ಹುಬ್ಬು ಮಾತ್ರ ಇವಳ ಕಡೆಗೆ. ಹಾಳಾದವನು!

ಅಂದಿನಿಂದ ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಇಬ್ಬರೂ ಆ ಫೈಲಿನಲ್ಲೇ ಬರೆದರು. ಕಂಟೇನರ್ ರೀಸ್ಟಾರ್ಟ್ ಆದರೆ ಒಳಗೆ ಬರೆದಿಟ್ಟದ್ದೆಲ್ಲ ಹೋಗುತ್ತದೆ. “ಅಳಸೂ ತ್ರಾಸೂ ಇಲ್ಲ ನೋಡು,” ಎಂದು ಅವನು ನಗುತ್ತಿದ್ದ. ಹುಡುಗನ ಸ್ವಭಾವ ಆ ಮಾತಿನಲ್ಲೇ ಇತ್ತು. ಪ್ರೀತಿಯಲ್ಲಿ ಬಿದ್ದವರಿಗೆ ಅದೆಲ್ಲಿ ಕಾಣಬೇಕು?

“ಓಡೂ ಆಪ್ ಒಳಗ ನಿನ್ನ ಬಿಟ್ಟು ಯಾರೂ ಹೋಗಬಾರದು ತಂಗಿ. ಸಿದ್ದರಾಮಗ ಕೊಟ್ಟ ಪರ್ಮಿಶನ್ ತಗದಬಿಡು,” ಎಂದು ಮಾಲೀಕ ಶ್ರೀಮಂತಣ್ಣ ನಾಲ್ಕು ತಿಂಗಳಿಂದ ಹೇಳುತ್ತಲೇ ಇದ್ದ. ಅವಳು ತಲೆಯಾಡಿಸುತ್ತಲೇ ಇದ್ದಳು. ತೆಗೆದಿರಲಿಲ್ಲ.

ಶುಕ್ರವಾರ ಸಂಜೆ ಅವಳು ಬರೆದಿದ್ದು ಇಷ್ಟು: ‘ಐತವಾರ ಬಬಲೇಶ್ವರದಿಂದ ನನ್ನ ನೋಡಾಕ ಬರಾಕತ್ತಾರ. ನೀ ನಿಡೋಣಿಗೆ ಬಂದು ನಮ್ಮಪ್ಪನ ಮುಂದ ಕೂತು ಕೇಳ್ತೀನಂದ್ರ ನಾ ಅವರಿಗೆ ಒಲ್ಲೆ ಅಂತೀನಿ. ಬರ್ತಿ? ಬರೂದಿಲ್ಲಂದ್ರ ಇಲ್ಲ ಅಂತ ಬರಿ.’

ಈಗ ಫೈಲೇ ಇಲ್ಲ. ಫೋನ್ ಮಾಡಿದಳು.

“ಆಪ್ ಸಿಕ್ಕಾಕೊಂಡಿತ್ತು, ರೀಸ್ಟಾರ್ಟ್ ಮಾಡಿದೆ,” ಎಂದ ಸಿದ್ದರಾಮ. “ಫೈಲ್ ನೋಡಾಕ ನೆನಪ ಆಗಲಿಲ್ಲ. ಏನರ ಬರದಿದ್ದೇನು?”

“ಬರದಿದ್ದೆ.”

“ಅಯ್ಯ, ಹೋತಲ್ಲ! ಈಗ ಹೇಳು.”

ಪಕ್ಕದ ಮೇಜಿನಲ್ಲೇ ಶ್ರೀಮಂತಣ್ಣ ಕೂತಿದ್ದ. “ಸೋಮವಾರ ನೀ ಇಲ್ಲಿಗೆ ಬಂದಾಗ ಎದುರಿಗೆ ಹೇಳ್ತೀನಿ,” ಎಂದಳು.

“ನಿನ್ನಾಣಿ, ನೋಡಿದ್ರ ಅಲ್ಲೇ ಉತ್ತರ ಬರೀತಿದ್ದೆ.” ಅಷ್ಟು ಮೆತ್ತಗೆ ಹೇಳಿದ. ಅವಳು ಕರಗಿಹೋದಳು.

ಭಾನುವಾರ ಬಂದ ಹುಡುಗ ದನದ ಡಾಕ್ಟರ್. ಅವಳ ಕೆಲಸ ಎಂಥದೆಂದು ಕೇಳಿದ. ಕೇಳಿ ಸುಮ್ಮನಾಗದೆ, ಹೇಳಿದ್ದನ್ನು ಮನಸ್ಸಿಟ್ಟು ಕೇಳಿಸಿಕೊಂಡ. ಅವರು ಹೋದ ಮೇಲೆ ಶಾಂಭವಿ ಒಲ್ಲೆ ಎಂದಳು.

“ಹುಡುಗ ಛಲೋ ಅದಾನ, ಮಾತು ಛಲೋ ಅದಾವ. ಏನ್ ಕಮ್ಮಿ ಆತು ನಿನಗ?” ತಾಯಿ ಮುರಿಗೆವ್ವ ಹಣೆ ಚಚ್ಚಿಕೊಂಡಳು.

“ಒಲ್ಲೆ ಬೇ. ಹೆಚ್ಚಿಗಿ ಕೇಳಬ್ಯಾಡ.”

ಅಪ್ಪ ಈರಯ್ಯ ಅರ್ಧ ಊಟದಲ್ಲೇ ಎದ್ದು ಹೋದ. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಜಾತಿಯಲ್ಲ ಅವಳು. ಸೋಮವಾರ ಸಿದ್ದರಾಮ ಸಿಗುತ್ತಾನೆ, ಎಲ್ಲ ಸರಿಹೋಗುತ್ತದೆ ಎಂದುಕೊಂಡು ಮಲಗಿದಳು.

ಸೋಮವಾರ ಬೆಳಿಗ್ಗೆ ಶ್ರೀಮಂತಣ್ಣ ಕೇಳಿದ: “ಶನಿವಾರ ಆಪ್ ಯಾಕ ನಿಂತಿತ್ತು? ನೋಡಿ ಬರದು ಕಳಸು.”

ಹೊರಗಿನಿಂದ ಯಾರು ಯಾವ ಕಮಾಂಡ್ ಕೊಟ್ಟರು ಎಂಬುದೆಲ್ಲ ಬೇರೆ ಕಡೆ ದಾಖಲಾಗುತ್ತದೆ. ಕಂಟೇನರ್ ಸತ್ತರೂ ಆ ದಾಖಲೆ ಸಾಯುವುದಿಲ್ಲ. ಒಳಗೆ ಹೋಗಿ ಕೂತು ನಿಧಾನಕ್ಕೆ ಓದಿದ್ದರೆ, ಒಳಗೆ ಹೋಗಿದ್ದ ಎಂಬುದಷ್ಟೇ ಗೊತ್ತಾಗುತ್ತಿತ್ತು. ಆದರೆ ಅಂದು ಅವಸರದಲ್ಲಿ ಸಿದ್ದರಾಮ ಹೊರಗಿನಿಂದಲೇ ಒಂದೊಂದು ಸಾಲಿನ ಕಮಾಂಡ್ ಕೊಟ್ಟಿದ್ದ. ಶಾಂಭವಿ ದಾಖಲೆ ತೆರೆದಳು. ಶನಿವಾರದ್ದು ಮೂರು ಸಾಲು.

11:40. ಸಿದ್ದರಾಮ. ಅವರ ಫೈಲ್ ಓದುವ ಕಮಾಂಡ್.
11:52. ಸಿದ್ದರಾಮ. ಮತ್ತೆ ಅದೇ ಕಮಾಂಡ್.
11:53. ಸಿದ್ದರಾಮ. ರೀಸ್ಟಾರ್ಟ್.

ಆಪಿಗೆ ಏನೂ ಆಗಿರಲಿಲ್ಲ. ಇಲ್ಲ ಎಂದು ಬರೆಯಲು ಎರಡು ಅಕ್ಷರ ಸಾಕಿತ್ತು. ಅಷ್ಟೂ ಆಗಲಿಲ್ಲ ಆ ಗಂಡಸಿಗೆ. ಮೇಲೆ ಆಣೆ ಬೇರೆ, ಅದೂ ಇವಳ ಮೇಲೆ! ಮೈಯೆಲ್ಲ ಉರಿಯಿತು. ಕೂತಲ್ಲಿಂದಲೇ, ನಾಲ್ಕು ತಿಂಗಳು ಮುಂದೂಡಿದ್ದ ಕೆಲಸವನ್ನು ಮಾಡಿ ಮುಗಿಸಿದಳು.

ಹನ್ನೆರಡಕ್ಕೆ ಸಿದ್ದರಾಮ ಎರಡು ಗ್ಲಾಸ್ ಚಾ ಹಿಡಿದು ಬಂದ. ಎದುರಿಗೆ ಕೂತು ಲ್ಯಾಪ್‌ಟಾಪ್ ತೆರೆದು ಹುಬ್ಬು ಹಾರಿಸಿದ.

“ಏನೋ ಹೇಳ್ತೀನಂದಿದ್ದಿ? ಅಲ್ಲ, ಇದ್ಯಾಕ ನನ್ನ ಒಳಗ ಬಿಡವಲ್ದು? ಪರ್ಮಿಶನ್ ಇಲ್ಲ ಅಂತೈತಿ.”

“ನಾನ ತಗದೀನ್ರಿ.”

‘ರಿ’ ಕೇಳಿ ತಲೆ ಎತ್ತಿದ. ಅವಳು ತನ್ನ ಸ್ಕ್ರೀನನ್ನು ಅವನ ಕಡೆಗೆ ತಿರುಗಿಸಿದಳು. ಮೂರು ಸಾಲು ಓದಲು ಎಷ್ಟು ಹೊತ್ತು ಬೇಕು? ಅವನು ತನ್ನ ಲ್ಯಾಪ್‌ಟಾಪ್ ಮುಚ್ಚಿದ.

“ಶಾಂಭವಿ, ಮನ್ಯಾಗ ಹೇಳೂ ಧೈರ್ಯ ಆಗಲಿಲ್ಲ. ಆದ್ರ ಹನ್ನೆರಡ ನಿಮಿಷ ಖರೇನ ವಿಚಾರ ಮಾಡೀನಿ.”

“ಗೊತ್ತೈತ್ರಿ. ಅದೂ ಬರದೈತಿ ಇಲ್ಲಿ.”

ಅವನು ಇನ್ನೇನೋ ಹೇಳಹೊರಟ.

“ಚಾ ಆರಾಕತ್ತೈತಿ. ಕುಡದು ಹೋಗ್ರಿ.”

ಕುಡಿಯದೆ ಎದ್ದು ಹೋದ. ಮೆಟ್ಟಿಲಿಳಿಯುವ ಸಪ್ಪಳ ಪೂರ್ತಿ ನಿಲ್ಲುವವರೆಗೂ ಅವಳು ಬಾಗಿಲನ್ನೇ ನೋಡುತ್ತಿದ್ದಳು. ತಿರುಗಿ ಬಂದಾನು ಎಂಬ ಆಸೆ ಆಗಲೂ ಇತ್ತು, ಸುಳ್ಳೇಕೆ?

ಆಮೇಲೆ ವರದಿ ತೆರೆದಳು. ರೀಸ್ಟಾರ್ಟಿಗೆ ಕಾರಣ ಬರೆಯುವ ಜಾಗ ಖಾಲಿಯಿತ್ತು. ‘ಆಪಿನಲ್ಲಿ ಯಾವ ದೋಷವೂ ಇರಲಿಲ್ಲ’ ಎಂದಷ್ಟೇ ಬರೆದು ಶ್ರೀಮಂತಣ್ಣನಿಗೆ ಕಳಿಸಿ, ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು.