ಗೋರಿಗಳ ನೀರು

ನೀವು ನಂಬದಿದ್ದರೆ ನನಗೇನೂ ನಷ್ಟವಿಲ್ಲ. ಫ್ರಾನ್ಸಿನ ಲ್ವಾರ್ ನದಿಯ ದಂಡೆಯಲ್ಲಿ ಸೈಕಲ್ ತುಳಿಯುವ ನಾವೆಲ್ಲ ಬಾಟಲಿ ತುಂಬಿಸಿಕೊಳ್ಳುವುದು ಊರೂರಿನ ಸ್ಮಶಾನದ ನಲ್ಲಿಯಲ್ಲೇ. ಆ ಮಧ್ಯಾಹ್ನ, ಗೋರಿಯ ಹೂಗಿಡಗಳಿಗೆ ನೀರು ಹಾಕುತ್ತಿದ್ದ ಮುದುಕಿಯೊಬ್ಬಳು ನನ್ನ ಗಂಡ ಗೊಂತ್ರಾನ್ ಮೇಲೆ ಹರಿಹಾಯ್ದಳು.

"ಮುಟ್ಬೇಡ! ಅದು ಇಲ್ಲಿ ಮಲಗಿರೋವ್ರ ನೀರು."

"ಇವ್ರಿಗೂ ಬಾಯಾರುತ್ತೇನಜ್ಜಿ?" ಎಂದು ನಕ್ಕು ಅವನು ಗಟಗಟ ಕುಡಿದ.

"ನಿಂಗೇ ಗೊತ್ತಾಗುತ್ತೆ ಬಿಡು."

ಸುಡುಬಿಸಿಲಲ್ಲೂ ಅವನ ಬಾಟಲಿ ಮಂಜಿನಂತೆ ಕೊರೆಯುತ್ತಿತ್ತು. ಎಷ್ಟು ಕುಡಿದರೂ ಅವನ ದಾಹ ಇಂಗಲಿಲ್ಲ. ನೆರಳಿಗೆಂದು ನದಿಯಂಚಿನ ಗುಲಾಬಿ ತೋಟಕ್ಕೆ ಹೋದರೆ ಮಾಲಿ ದಢಾರನೆ ಗೇಟು ಹಾಕಿದ.

"ನಡೀರಿ ಆಚೆ! ಇಷ್ಟೊಂದು ಜನಾನ ಒಳಗೆ ಬಿಡಲ್ಲ."

ನಾವಿದ್ದದ್ದು ಇಬ್ಬರೇ.

ಚಳಿಗಾಲದೊಳಗೆ ಗೊಂತ್ರಾನ್ ನೀರು ನೀರೆನ್ನುತ್ತಲೇ ತೀರಿಕೊಂಡ. ಪ್ರತಿ ಭಾನುವಾರ ಅವನ ಗೋರಿಯ ಮೇಲೆ ನೀರು ತುಂಬಿದ ಹೂಜಿ ಇಡುತ್ತೇನೆ. ಸ್ಮಶಾನದ ಗೇಟಿನ ಬಳಿ ಹೋಗಿ ತಿರುಗಿ ನೋಡುವಷ್ಟರಲ್ಲಿ ಅದು ಮಗುಚಿ ಬಿದ್ದಿರುತ್ತದೆ. ಕಲ್ಲು ಮಾತ್ರ ಒಣಗಿಯೇ ಇರುತ್ತದೆ.